ಒಂಬತ್ತನೇ ಪ್ರಶ್ನೆಗೆ ಬರೆಯದ ಉತ್ತರ

ಬೆಟಗೇರಿಯ ಒಬ್ಬ ಹೆಣ್ಣುಮಗಳ ಕೆಲಸ ಹೋಗುವ ಹೊತ್ತು ಬಂದಾಗ, ತಪ್ಪು ಯಾರದೆಂದು ಆ ಕೋಣೆಯಲ್ಲಿ ಗೊತ್ತಿದ್ದವನು ನಾನೊಬ್ಬನೇ. ನಾನು ಸುಮ್ಮನೆ ಕೂತಿದ್ದೆ. ಕೈಯಲ್ಲಿ ಚಹಾ ಇತ್ತು, ಅದನ್ನು ಕುಡಿದೆ ಕೂಡ. ಅರವತ್ತು ದಾಟಿದ ಮೇಲೆ ಮನುಷ್ಯನಿಗೆ ಯಾರ ಅಂಜಿಕೆಯೂ ಇರುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಅದು ಸುಳ್ಳು.

ಮೊದಲಿನಿಂದ ಹೇಳುತ್ತೇನೆ. ಉಪಗ್ರಹದ ಹೊಟ್ಟೆಯಲ್ಲಿ ಏನಿರುತ್ತದೆ ಎಂದು ಊರಿನವರು ಕೇಳಿದರೆ ನಾನು ತಂತಿ ಅನ್ನುತ್ತೇನೆ. ಒಂದು ಪೆಟ್ಟಿಗೆಯಿಂದ ಇನ್ನೊಂದು ಪೆಟ್ಟಿಗೆಗೆ ಕರೆಂಟನ್ನೂ ಸುದ್ದಿಯನ್ನೂ ಒಯ್ಯುವ ಸಾವಿರಾರು ಸಣ್ಣ ತಂತಿಗಳು. ಅವನ್ನು ಜಡೆಯ ಹಾಗೆ ಕೂಡಿಸಿ ದಾರದಿಂದ ಕಟ್ಟಿರುತ್ತಾರೆ. ಈ ಕಟ್ಟಿಗೆ ಹಾರ್ನೆಸ್ ಎಂದು ಹೆಸರು, ಅದರ ತುದಿಯಲ್ಲಿ ಪೆಟ್ಟಿಗೆಗೆ ಸಿಕ್ಕಿಸುವ ಪ್ಲಗ್ಗಿಗೆ ಕನೆಕ್ಟರ್ ಎಂದು. ಅದನ್ನು ಮನುಷ್ಯರ ಬೆರಳೇ ಕಟ್ಟಬೇಕು. ಊರಿನವರಿಗೆ ಈ ಉತ್ತರ ರುಚಿಸುವುದಿಲ್ಲ. ಅವರಿಗೆ ಬೆಂಕಿ ಉಗುಳುವ ರಾಕೆಟ್ಟೇ ಬೇಕು.

ನಾನು ಕಟ್ಟುವವನಲ್ಲ. ಕಟ್ಟಿದ್ದನ್ನು ಭೂತಗನ್ನಡಿಯಲ್ಲಿ ನೋಡಿ, ಸರಿಯಿದೆ, ಇಲ್ಲ ಎಂದು ಬರೆಯುವವನು. ಮುಂಡರಗಿಯಿಂದ ಹೋಗಿ, ದೂರದ ಊರಿನ ಒಂದು ಬಾಹ್ಯಾಕಾಶ ಕೇಂದ್ರದಲ್ಲಿ ಕೂದಲು ಬೆಳ್ಳಗಾಗುವವರೆಗೆ ಅದನ್ನೇ ಮಾಡಿದೆ. ಅಲ್ಲಿ ಕಟ್ಟುವವರಲ್ಲಿ ಎಲ್ಲರಿಗಿಂತ ಹಿರಿಯರು ನಮ್ಮ ಕಡೆಯವರೇ, ಬೆಟಗೇರಿಯ ನೇಕಾರರ ಮನೆಯ ಒಬ್ಬ ಮುಸಲ್ಮಾನರು. ಹದಿನೆಂಟರವರೆಗೆ ಅಪ್ಪನ ಮಗ್ಗದಲ್ಲಿ ಸೀರೆ ನೇಯ್ದು, ಆಮೇಲೆ ಐಟಿಐ ಮಾಡಿ ಬಂದವರು. ಇಡೀ ವಿಭಾಗ ಅವರನ್ನು ಉಸ್ತಾದ್ ಅನ್ನುತ್ತಿತ್ತು. ನಾನೂ ಹಾಗೇ ಕರೆಯುತ್ತಿದ್ದೆ. ಊಟದ ಹೊತ್ತಿಗೆ ಇಬ್ಬರೂ ಒಂದೇ ಡಬ್ಬಿಯ ರೊಟ್ಟಿ ತಿಂದು ನಮ್ಮ ಮಾತು ಆಡುತ್ತಿದ್ದೆವು. ಉಳಿದವರಿಗೆ ಅದು ಜಗಳದ ಹಾಗೆ ಕೇಳಿಸುತ್ತಿತ್ತಂತೆ.

ಅವರು ನಿವೃತ್ತರಾಗಿ ಹೆಂಡತಿಯ ತವರಾದ ಲಕ್ಷ್ಮೇಶ್ವರಕ್ಕೆ ಬಂದು ನೆಲೆಸಿದರು. ಅವರು ಹೋದ ಒಂದೆರಡು ವರ್ಷದಲ್ಲಿ ಕೇಂದ್ರದವರಿಗೆ ಎಚ್ಚರವಾಯಿತು. ಉಸ್ತಾದರ ಕೈಕೆಳಗೆ ಕಲಿತವರೆಲ್ಲ ಬಡ್ತಿ ಪಡೆದು ಮೇಜಿನ ಹಿಂದೆ ಕೂತಿದ್ದರು. ಅವರ ಬೆರಳಿಗೆ ಮರೆವು ಬಂದಿತ್ತು. ಮುದುಕರ ತಲೆಯಲ್ಲಿರುವುದನ್ನು ಬರೆದಿಟ್ಟುಕೊಳ್ಳಬೇಕು ಎಂದು ಆಗ ಒಂದು ಹೊಸ ವಿಭಾಗ ಹುಟ್ಟಿತು. ಅದರ ಹೆಸರು ಜ್ಞಾನ ನಿರ್ವಹಣೆ. ಜ್ಞಾನಕ್ಕೂ ಒಬ್ಬ ಮ್ಯಾನೇಜರ್ ಬಂದನಲ್ಲ ಎಂದು ನಾನು ನಕ್ಕಿದ್ದೆ. ನಕ್ಕವನ ಕೊರಳಿಗೇ ಅದು ಬಿತ್ತು. ನಿಮ್ಮ ಕಡೆಯವರು, ನಿಮ್ಮ ಭಾಷೆಯವರು, ನೀವೇ ಹೋಗಿ ಎಂದು ಹತ್ತು ಪ್ರಶ್ನೆಗಳ ಒಂದು ನಮೂನೆಯನ್ನೂ ಒಂದು ರೆಕಾರ್ಡರನ್ನೂ ಕೊಟ್ಟು ಕಳಿಸಿದರು.

ಲಕ್ಷ್ಮೇಶ್ವರದಲ್ಲಿ ಮಗನ ಫ್ಯಾನು, ಮಿಕ್ಸಿ ರಿಪೇರಿ ಅಂಗಡಿಯ ಹಿಂದೆಯೇ ಅವರ ಮನೆ. ಉಸ್ತಾದರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಪರೀಕ್ಷೆಗೆ ಕೂತವರಂತೆ ಕೂತರು. ಯಾವ ತಂತಿ, ಯಾವ ಗಂಟು, ಯಾವ ಇಕ್ಕಳ ಎಂದು ಎಂಟು ಪ್ರಶ್ನೆಗೂ ಒಪ್ಪವಾಗಿ ಉತ್ತರ ಹೇಳಿದರು. ಒಂಬತ್ತನೆಯದನ್ನು ಓದಿದಾಗ ನನ್ನ ನಾಲಿಗೆ ತಡವರಿಸಿತು. ‘ವೃತ್ತಿಯಲ್ಲಿ ತಾವು ಮಾಡಿದ ತಪ್ಪುಗಳು ಮತ್ತು ಅವುಗಳಿಂದ ಕಲಿತ ಪಾಠ.’

ನಮ್ಮಲ್ಲಿ ಹಿರಿಯರ ಮನೆಯ ಚಾಪೆಯ ಮೇಲೆ ಕೂತು, ಅವರ ಹೆಂಡತಿ ಕೊಟ್ಟ ಚಹಾ ಕುಡಿಯುತ್ತ, ನೀವು ಏನೇನು ತಪ್ಪು ಮಾಡಿದ್ದೀರಿ ಎಂದು ಕೇಳುವ ಪದ್ಧತಿ ಇಲ್ಲ. ನಾನು ರೆಕಾರ್ಡರ್ ಬಂದ್ ಮಾಡಿದೆ. “ಇದನ್ನ ಬಿಡೂಣ್ರಿ ಉಸ್ತಾದ್, ನಿಮ್ಮಂಥವರಿಗೆ ಕೇಳೂ ಪ್ರಶ್ನಿ ಅಲ್ಲ ಇದು” ಅಂದೆ.

“ಯಾಕ ಬಿಡ್ತೀರಿ?” ಅಂದರು. “ಇದೊಂದು ಕೇಳಿದ್ರ ಸಾಕಿತ್ತು. ಉಳಿದ ಎಂಟು ಕೇಳದಿದ್ರೂ ನಡೀತಿತ್ತು.”

ಆಮೇಲೆ ಹೇಳಿದರು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವರು ಕಟ್ಟಿದ ಹಾರ್ನೆಸ್ಸನ್ನು ನೋಡಲು ಬೇರೆ ವಿಭಾಗದವರೂ ಬರುತ್ತಿದ್ದರಂತೆ. ಮಗ್ಗದ ಹಾಸಿನ ಹಾಗೆ ಎಲ್ಲಾ ತಂತಿ ಒಂದೇ ಬಿಗಿ. ಒಂದು ಕೂದಲಿನಷ್ಟೂ ಏರುಪೇರಿಲ್ಲ. “ಮಗ್ಗದ ಮ್ಯಾಲ ಎಳಿ ಸಡಲಾತು ಅಂದ್ರ ನಮ್ಮಪ್ಪ ಬೆನ್ನಿಗೆ ಹಾಕತಿದ್ದ. ಬಿಗಿ ಇದ್ದದ್ದ ಚೊಲೋ ಅಂತ ಬೆರಳು ಕಲತಬಿಟ್ಟಿತ್ತು.” ಅಂಥದೊಂದು ಹಾರ್ನೆಸ್ ಮೊದಲಿನ ಎಲ್ಲ ಪರೀಕ್ಷೆಗಳಲ್ಲೂ ಪಾಸಾಯಿತು. ಕೊನೆಗೆ ಆಕಾಶದ ಚಳಿಯಂಥ ಚಳಿ ಹುಟ್ಟಿಸುವ ದೊಡ್ಡ ಪೆಟ್ಟಿಗೆಯೊಳಗೆ ಇಟ್ಟಾಗ ಒಂದು ಸುದ್ದಿ ಬರುವುದು ನಿಂತಿತು. ಹೊರಗೆ ತೆಗೆದು ಬೆಚ್ಚಗಾದ ಮೇಲೆ ಮತ್ತೆ ಬಂತು.

“ಥಂಡಿಗೆ ತಂತಿ ಮುದುಡತೈತಿ. ಮುದುಡಾಕ ಜಾಗಾ ಬಿಟ್ಟಿರಲಿಲ್ಲ ನಾನು. ಕನೆಕ್ಟರಿನ ಹಿಂದ, ಬಗ್ಗೂ ಜಾಗಾದಾಗ, ಒಂದು ಎಳಿ ಒಳಗಿಂದೊಳಗ ಹರದಿತ್ತು. ಆದ್ರ ಅದು ದೊಡ್ಡ ಮಾತಲ್ಲ, ಕೇಳ್ರಿ. ಮೊದಲ ದಿವಸ ಸುದ್ದಿ ಕಳಿಸೂ ಪೆಟ್ಟಿಗಿ ಮಾಡಿದ ಇಂಜಿನಿಯರ್ ಹುಡುಗನ್ನ ಎಲ್ಲಾರ ಮುಂದ ಬೈದ್ರು. ಎರಡನೇ ದಿವಸ ನನಗ ಗೊತ್ತಾತು, ತಪ್ಪು ನಂದು ಅಂತ. ಬಾಯಿ ಬಿಡಲಿಲ್ಲ. ಮೂರನೇ ದಿವಸ ಹೋಗಿ ಹೇಳಿದೆ. ನಡುವ ಒಂದು ದಿವಸ ಸುಮ್ಮನ ಇದ್ನಲ್ಲ, ಅದನ್ನ ಬರೀರಿ. ಹೆಸರು ಹಾಕಿ ಬರೀರಿ.”

ನಾನು ಆಗಲಿ ಅಂದೆ. ಬರೆಯಲಿಲ್ಲ.

ಬರೆಯಲು ಕೂತಿದ್ದೆ. ಪೆನ್ನು ಹಿಡಿದಾಗ ಕಣ್ಣಿಗೆ ಬಂದದ್ದು ಅವರನ್ನು ಕಂಡರೆ ಎದ್ದು ನಿಲ್ಲುತ್ತಿದ್ದ ವಿಭಾಗ. ಇದು ಅಚ್ಚಾಗುತ್ತದೆ, ಅವರ ಹುಡುಗರ ವಯಸ್ಸಿನವರು ಓದುತ್ತಾರೆ, ಇಷ್ಟು ವರ್ಷ ದುಡಿದವರ ಹೆಸರಿನ ಮುಂದೆ ಕೊನೆಗೆ ಇದೇ ಉಳಿಯುತ್ತದೆ ಅನಿಸಿತು. ಒಂಬತ್ತನೆಯದರ ಮುಂದೆ ‘ಇಲ್ಲ’ ಎಂದು ಬರೆದೆ. ಕನೆಕ್ಟರಿನ ಹಿಂದಿನ ತಂತಿಯ ವಿಷಯ ಪೂರ್ತಿ ಬಿಟ್ಟುಹೋಗಬಾರದು ಎಂದು ಎಂಟನೆಯ ಉತ್ತರದ ಕೊನೆಗೆ ಒಂದು ಸಾಲು ಸೇರಿಸಿದೆ: ‘ಕನೆಕ್ಟರಿನ ಹಿಂಭಾಗದಲ್ಲಿ ತಂತಿಗಳನ್ನು ಸಾಕಷ್ಟು ಸಡಿಲವಾಗಿ ಬಿಡತಕ್ಕದ್ದು.’ ಜಾಣತನ ಮಾಡಿದೆ ಎಂದುಕೊಂಡೆ. ಪುಸ್ತಕ ಅಚ್ಚಾಯಿತು, ಉಸ್ತಾದರಿಗೂ ಒಂದು ಪ್ರತಿ ಅಂಚೆಯಲ್ಲಿ ಹೋಯಿತು. ಅವರಿಂದ ಪತ್ರವಾಗಲಿ ಫೋನಾಗಲಿ ಬರಲಿಲ್ಲ. ಕೆಲವು ವರ್ಷಗಳ ಮೇಲೆ ಅವರು ತೀರಿಹೋದ ಸುದ್ದಿ ಬಂತು. ನನಗೆ ಮಣ್ಣಿಗೂ ಹೋಗಲಾಗಲಿಲ್ಲ.

ನಾನೂ ನಿವೃತ್ತನಾಗಿ ಗದಗಿಗೆ ಬಂದೆ. ಈಗ ಉಪಗ್ರಹದ ಕೆಲಸ ಸರಕಾರದ ಗೋಡೆಯೊಳಗೆ ಮಾತ್ರ ಉಳಿದಿಲ್ಲ. ಖಾಸಗಿ ಕಂಪನಿಯೊಂದು ಹಾರ್ನೆಸ್ ಕಟ್ಟಿಸಲು ಬೆಟಗೇರಿಯಲ್ಲಿ ಒಂದು ಶೆಡ್ಡು ಹಾಕಿತು. ನೇಕಾರರ ಮನೆಯ ಹೆಣ್ಣುಮಕ್ಕಳ ಬೆರಳು ಸೂಕ್ಷ್ಮ, ಕಣ್ಣು ಚುರುಕು ಎಂಬ ಲೆಕ್ಕಾಚಾರ. ಲೆಕ್ಕಾಚಾರ ತಪ್ಪಿರಲಿಲ್ಲ. ಹನ್ನೆರಡು ಮಂದಿ ಸೇರಿದರು. ಹೊರಗೆ ಓಣಿಯಲ್ಲಿ ಮಗ್ಗದ ಸದ್ದು, ಒಳಗೆ ಬಿಳಿ ಕೋಟು, ಬಿಳಿ ಟೋಪಿ, ತಣ್ಣನೆಯ ಗಾಳಿ. ಅವರಿಗೆ ಕಲಿಸಲು ನನ್ನನ್ನು ಕರೆದರು. ನಾನು ಅದೇ ಪುಸ್ತಕವನ್ನು ಕನ್ನಡಕ್ಕೆ ಇಳಿಸಿ, ಒಬ್ಬೊಬ್ಬರ ಕೈಗೂ ಕೊಟ್ಟು ಪಾಠ ಮಾಡಿದೆ.

ಅವರಲ್ಲಿ ಒಬ್ಬಳು, ಇಪ್ಪತ್ತಾರರ ಹೆಣ್ಣುಮಗಳು, ಎಲ್ಲರಿಗಿಂತ ಮುಂದೆ. ಅವಳ ತಾಯಿ ಇನ್ನೂ ಸೀರೆ ನೇಯುತ್ತಾಳೆ. ಹುಡುಗಿ ಮಾತಿನಲ್ಲಿ ಖಾರ, ಕೆಲಸದಲ್ಲಿ ಬೆಣ್ಣೆ. “ಸರ, ನಿಮ್ಮ ಭೂತಗನ್ನಡಿಗೆ ಏನಾರ ಸಿಕ್ಕರ ಹೇಳ್ರಿ, ಇಲ್ಲಾಂದ್ರ ಅದಕ್ಕೂ ರಜಾ ಕೊಡ್ರಿ” ಎಂದು ನನ್ನನ್ನು ಕಾಡುತ್ತಿದ್ದಳು. ನನ್ನ ಭೂತಗನ್ನಡಿಗೆ ನಿಜಕ್ಕೂ ಏನೂ ಸಿಗುತ್ತಿರಲಿಲ್ಲ. ಅವಳ ಕಟ್ಟನ್ನು ನೋಡಿದಾಗ ಉಸ್ತಾದರೇ ನೆನಪಾಗುತ್ತಿದ್ದರು. ನೆನಪಾಗಿ ಖುಷಿಪಟ್ಟೆನೇ ಹೊರತು ಹೆದರಬೇಕಿತ್ತು ಎಂದು ಹೊಳೆಯಲಿಲ್ಲ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅನ್ನುತ್ತಾರೆ. ನನ್ನಲ್ಲಿ ಇದ್ದದ್ದು ಆ ಒಕ್ಕಾಲು ಮಾತ್ರ.

ಅವಳು ಕಟ್ಟಿದ ಹಾರ್ನೆಸ್ ಚಳಿಯ ಪರೀಕ್ಷೆಯಲ್ಲಿ ಕೈಕೊಟ್ಟು ವಾಪಸು ಬಂತು. ದೊಡ್ಡ ಕಚೇರಿಯಿಂದ ಒಬ್ಬ ಅಧಿಕಾರಿಯೂ ಬಂದ. ಮೇಜಿನ ಮೇಲೆ ಕಟ್ಟನ್ನು ಬಿಡಿಸಿ ಇಟ್ಟಿದ್ದರು. ಕನೆಕ್ಟರಿನ ಹಿಂದೆ, ಬಗ್ಗುವ ಜಾಗದಲ್ಲಿ, ಒಂದು ತಂತಿ ತೀಡಿದ ಹುರಿಯ ಹಾಗೆ ಬಿಗಿದು ನಿಂತಿತ್ತು. ನೋಡಿದ ಕೂಡಲೇ ನನಗೆ ಲಕ್ಷ್ಮೇಶ್ವರದ ಆ ಚಾಪೆ ಕಣ್ಣಮುಂದೆ ಬಂತು.

ಅಧಿಕಾರಿ ಪುಸ್ತಕ ತೆಗೆದು ಆ ಸಾಲಿನ ಮೇಲೆ ಬೆರಳಿಟ್ಟ. “ಸಾಕಷ್ಟು ಸಡಿಲ ಬಿಡಬೇಕು ಅಂತ ಸ್ಪಷ್ಟವಾಗಿ ಬರೆದಿದೆ. ಓದಿಲ್ಲವಾ?”

“ಓದೇನ್ರಿ. ಬಿಟ್ಟೇನ್ರಿ” ಅಂದಳು. “ಮಗ್ಗದಾಗ ಇಷ್ಟು ಬಿಟ್ರ ನಮ್ಮವ್ವ ಬೈತಾಳ್ರಿ. ನನ್ನ ಲೆಕ್ಕದಾಗ ಇದು ಬಾಳ ಸಡಿಲ ಐತ್ರಿ.”

ಅಧಿಕಾರಿ ನಕ್ಕ. ಕೆಟ್ಟವನಲ್ಲ, ಅವಸರದವನು. ಕೈ ಚೆನ್ನಾಗಿದೆ, ಶಿಸ್ತಿಲ್ಲ, ಸೂಚನೆ ಪಾಲಿಸದವರನ್ನು ಈ ಕೆಲಸದಲ್ಲಿ ಇಟ್ಟುಕೊಳ್ಳಲಾಗುವುದಿಲ್ಲ, ವರದಿ ಬರೆಯುತ್ತೇನೆ, ಅಲ್ಲಿಯವರೆಗೆ ಮನೆಯಲ್ಲಿರಲಿ ಅಂದ. ಅವಳು ನನ್ನ ಕಡೆ ನೋಡಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ಇದೆಯಲ್ಲ, ನಾನು ಹೆಗಲು ಕೂಡ ಮುಟ್ಟಿಕೊಳ್ಳದೆ ಕೂತಿದ್ದೆ. ಅವಳು ಟೋಪಿ ತೆಗೆದು, ಮಡಚಿ, ಡ್ರಾವರಿನಲ್ಲಿಟ್ಟು ಹೋದಳು.

ಯಾಕೆ ಮಾತಾಡಲಿಲ್ಲ ಎಂದು ಆ ದಿನಗಳಲ್ಲಿ ನನಗೆ ನಾನೇ ಒಂದು ಒಳ್ಳೆಯ ಕಾರಣ ಹೇಳಿಕೊಂಡೆ. ನಾನು ಬಾಯಿಬಿಟ್ಟರೆ ತೀರಿಹೋದವರ ತಪ್ಪು ಹೊರಗೆ ಬೀಳುತ್ತದೆ, ಅವರ ಹೆಂಡತಿಯನ್ನು ಕೇಳದೆ ಅದನ್ನು ಹೇಳುವುದು ಸರಿಯಲ್ಲ. ಕಾರಣ ಚೆನ್ನಾಗಿತ್ತು. ನನ್ನ ಹೆದರಿಕೆ ಅದರ ಹಿಂದೆ ಹಾಯಾಗಿ ಅಡಗಿ ಕೂತಿತ್ತು. ಹೀಗೇ ಮೂರು ದಿನ ಕಳೆದೆ. ನಾಲ್ಕನೆಯ ದಿನ ಬೆಳಿಗ್ಗೆ ಶಿರಹಟ್ಟಿಯ ಮೇಲೆ ಲಕ್ಷ್ಮೇಶ್ವರಕ್ಕೆ ಹೋಗುವ ಬಸ್ಸು ಹತ್ತಿದೆ. ಕಪ್ಪತಗುಡ್ಡದ ಕಡೆಯ ಗಾಳಿಪಂಖಗಳು ಒಂದೂ ತಿರುಗುತ್ತಿರಲಿಲ್ಲ. ಶಿರಹಟ್ಟಿಯಲ್ಲಿ ಬಸ್ಸು ಬಹಳ ಹೊತ್ತು ನಿಂತಿತು. ಇಳಿದು ವಾಪಸು ಹೋಗಲು ಅಷ್ಟು ಹೊತ್ತು ಸಾಕಿತ್ತು. ಯಾಕೋ ಕೂತೇ ಇದ್ದೆ.

ಚಾಚಿ ಒಳಗೆ ಅಕ್ಕಿ ಆರಿಸುತ್ತ ಕೂತಿದ್ದರು. ಉಸ್ತಾದರ ಹೆಂಡತಿಯನ್ನು ನಾನು ಮೊದಲಿನಿಂದಲೂ ಚಾಚಿ ಅನ್ನುತ್ತೇನೆ. ಮಣ್ಣಿಗೆ ಬಂದಿರಲಿಲ್ಲ ಎಂದು ಕ್ಷಮೆ ಕೇಳಿದೆ. “ಬಂದಿಯಲ್ಲ ಈಗ, ಕುಂಡ್ರು ತಮ್ಮಾ” ಅಂದರು. ಬೆಟಗೇರಿಯ ಶೆಡ್ಡಿನ ಸಂಗತಿಯನ್ನೆಲ್ಲ ಹೇಳಿದೆ. ಆ ಹುಡುಗಿಯನ್ನು ಮನೆಗೆ ಕಳಿಸಿದ್ದನ್ನು ಹೇಳಿದೆ. ಉಸ್ತಾದರ ಹಳೆಯ ಮಾತೊಂದನ್ನು ನಾನು ಬರೆಯದೆ ಬಿಟ್ಟಿದ್ದೆ, ಈಗ ಬರೆಯಬೇಕಾಗಿದೆ, ಅವರ ಹೆಸರಿಗೆ ಕುಂದು ಬರಬಹುದು, ನಿಮ್ಮನ್ನು ಕೇಳಲು ಬಂದೆ ಅಂದೆ.

“ಯಾವ ಮಾತು? ಆ ಇಂಜಿನಿಯರ್ ಹುಡುಗನ್ನ ಬೈಸಿದ್ದಾ?”

ನಾನು ತಲೆ ಎತ್ತಿದೆ.

“ಲಗ್ನ ಆದ ವರ್ಷಾನ ಹೇಳಿದ್ರು ನನಗ. ಹುಡುಗ್ರಿಗೂ ಹೇಳಿದ್ರು. ಅಂಗಡಿಗೆ ಬಂದವರಿಗೂ ಹೇಳತಿದ್ರು. ನಿನಗಷ್ಟ ಗುಟ್ಟು ಹೇಳ್ಯಾರ ಅಂತ ತಿಳದಿದ್ದೇನು?” ಚಾಚಿ ಮೊರವನ್ನು ಪಕ್ಕಕ್ಕೆ ಸರಿಸಿದರು. “ನೀ ಕಳಿಸಿದ ಪುಸ್ತಕ ಬಂದ ದಿವಸ ಮೊದಲ ಅದನ್ನ ಹುಡುಕಿದ್ರು. ಮಗನ ಕಡಿಂದ ಓದಿಸಿದ್ರು. ‘ಇಲ್ಲ ಅಂತ ಬರದಾನ, ಅಬ್ಬಾ’ ಅಂದ ಅಂವಾ. ಮತ್ತೊಮ್ಮಿ ಓದಿಸಿದ್ರು.”

“ಏನಂದ್ರು ಚಾಚಿ?”

“ಪುಸ್ತಕ ಮುಚ್ಚಿ ಮ್ಯಾಲಿಟ್ರು. ಆಮ್ಯಾಲ, ‘ಅಂವಾ ಬಾಳ ಮರ್ಯಾದಸ್ತ’ ಅಂದ್ರು. ‘ಅಲ್ಲೇ ಕೆಟ್ಟಾನ’ ಅಂದ್ರು.”

ನನಗೆ ಅಳು ಬಂತು. ಆ ವಯಸ್ಸಿನಲ್ಲಿ, ಇನ್ನೊಬ್ಬರ ಮನೆಯಲ್ಲಿ, ಅತ್ತೆ. ಚಾಚಿ ಸಮಾಧಾನ ಮಾಡಲಿಲ್ಲ. ಫೋನು ಮಾಡಿ ಎಂದು ಗಂಡನಿಗೆ ತಾವೇ ಹೇಳಿದ್ದರಂತೆ, ‘ಹೇಳಿದ್ದನ್ನ ಬರೀದವಂಗ ಮತ್ತ ಏನ ಹೇಳ್ಲಿ’ ಎಂದು ಅವರು ಬಿಟ್ಟರಂತೆ. ಕೊನೆಗೆ ನಾನು ಚಪ್ಪಲಿ ಮೆಟ್ಟುವಾಗ ಬಾಗಿಲಿಗೆ ಬಂದರು. “ಅವರು ಒಂದು ದಿವಸ ಸುಮ್ಮನಿದ್ದಿದ್ದಕ್ಕ ಸಾಯೂತನಕ ಒದ್ದಾಡಿದ್ರು. ನಿಂದು ಇವತ್ತಿಗೆ ಎಷ್ಟು ದಿವಸಾತು?”

ನಾಲ್ಕು, ಅಂದೆ.

“ಹಂಗಾರ ಜಲ್ದಿ ಹೋಗು.”

ಬಸ್ಸಿನಿಂದ ಇಳಿದವನೇ ನೇರ ಶೆಡ್ಡಿಗೆ ಹೋದೆ. ಅಧಿಕಾರಿಗೆ ಫೋನಿನಲ್ಲಿ ಎಲ್ಲವನ್ನೂ ಹೇಳಿದೆ. ಪುಸ್ತಕದ ಆ ಸಾಲು ನನ್ನದು, ಅದರೊಳಗಿನ ಕಳ್ಳತನವೂ ನನ್ನದು, ವರದಿಯಲ್ಲಿ ನನ್ನ ಹೆಸರು ಬರೆಯಿರಿ ಎಂದೆ. ಆತ, ಲಿಖಿತವಾಗಿ ಕಳಿಸಿ, ಅವಳನ್ನು ಕೆಲಸಕ್ಕೆ ಕರೆಯಿರಿ ಅಂದ. ಅಲ್ಲೇ ಕೂತು ಎರಡು ಪುಟ ಬರೆದೆ. ಉಸ್ತಾದರ ಹೆಸರು ಪೂರ್ತಿ ಹಾಕಿದೆ, ಅವರ ಕೆಳಗೆ ನನ್ನದು. ಅವರು ಸುಮ್ಮನಿದ್ದ ಒಂದು ದಿನವನ್ನೂ ನಾನು ಸುಮ್ಮನಿದ್ದ ನಾಲ್ಕು ದಿನವನ್ನೂ ಬರೆದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಸಂಜೆ ಅವಳ ಮನೆಗೆ ಹೋದೆ. ತಾಯಿಯ ಮಗ್ಗದಲ್ಲಿ ಕೂತು ನೇಯುತ್ತಿದ್ದಳು. ನಿಲ್ಲಿಸಲಿಲ್ಲ. ತಾಯಿ ಹೊರಗೆ ಖುರ್ಚಿ ತಂದಿಟ್ಟಳು, ನಾನು ಕೂರಲಿಲ್ಲ. ಲಾಳಿಯ ಸದ್ದಿನ ನಡುವೆಯೇ ಎಲ್ಲವನ್ನೂ ಹೇಳಿದೆ. ನಿನ್ನ ತಪ್ಪಲ್ಲ, ನಾಳೆ ಬಾ ಅಂದೆ.

“ಅವತ್ತ ಗೊತ್ತಿತ್ತೇನ್ರಿ ನಿಮಗ?” ಎಂದು ಕೇಳಿದಳು. ಗೊತ್ತಿತ್ತು ಅಂದೆ. ಮಗ್ಗ ನಿಂತಿತು. “ಓಣ್ಯಾಗ ಎಲ್ಲಾರೂ, ಈಕೀನ ಓಡಿಸಿದ್ರು ಅಂತ ಮಾತಾಡಾಕತ್ತಾರ್ರಿ” ಎಂದಷ್ಟೇ ಹೇಳಿದಳು. ಬರುತ್ತೇನೆ ಎನ್ನಲಿಲ್ಲ.

ಮರುದಿನ ಬಂದಳು. ಡ್ರಾವರಿನಿಂದ ಟೋಪಿ ತೆಗೆದು ಹಾಕಿಕೊಂಡಳು. ನಾನು ಹನ್ನೆರಡೂ ಮಂದಿಯನ್ನು ಕೂರಿಸಿ ಆ ಎರಡು ಪುಟವನ್ನು ಓದಿದೆ. ಓದಿ ಮುಗಿಸಿದ ಮೇಲೆ ಅವಳೇ ಎದ್ದಳು. ಮೊದಲಿನ ಖಾರ ದನಿಯಲ್ಲಿ ಇರಲಿಲ್ಲ.

“ಆತ್ರಿ. ಎಷ್ಟ ಸಡಿಲ ಬಿಡಬೇಕ್ರಿ?”

ತಂತಿಯ ದಪ್ಪ ಬೇರೆ, ಬಾಗು ಬೇರೆ, ಒಂದೊಂದು ಕಟ್ಟಿಗೂ ಒಂದೊಂದು ಅಳತೆ. ದೊಡ್ಡ ಕಚೇರಿಯವರು ಆಮೇಲೆ ಲೆಕ್ಕಹಾಕಿ ಕಳಿಸಿದ ಅಂಕಿಯೂ ಯಾವ ಕಟ್ಟಿಗೂ ಸರಿಯಾಗಿ ಕೂಡಲಿಲ್ಲ. ಅದು ಗೊತ್ತಿದ್ದದ್ದು ಉಸ್ತಾದರ ಕೈಗೆ. ಲಕ್ಷ್ಮೇಶ್ವರದಲ್ಲಿ ಆ ದಿನ ಅವರು ನನ್ನ ರೆಕಾರ್ಡರಿನ ವೈರನ್ನೇ ತೆಗೆದುಕೊಂಡು, ಹೆಬ್ಬೆರಳಿನ ಮೇಲೆ ಬಗ್ಗಿಸಿ, ಒಂದಾದ ಮೇಲೊಂದು ತೋರಿಸಿದ್ದರು. ಸಣ್ಣ ಕಟ್ಟಿಗೆ ಇಷ್ಟು, ದೊಡ್ಡದಕ್ಕೆ ಇಷ್ಟು, ನೋಡ್ರಿ, ನೋಡ್ರಿ ಅಂದಿದ್ದರು. ನಾನು ಐದು ಗಂಟೆಯ ಬಸ್ಸಿಗೆ ಹೊತ್ತಾಯಿತೇ ಎಂದು ಗೋಡೆಯ ಗಡಿಯಾರ ನೋಡುತ್ತಿದ್ದೆ. ಅವರ ಮಾತು ಒಂದೂ ಬಿಡದೆ ನೆನಪಿದೆ. ಕೈ ನೆನಪಿಲ್ಲ.

“ಗೊತ್ತಿಲ್ಲವ್ವಾ” ಅಂದೆ.

ಅವಳು ಡ್ರಾವರಿನಿಂದ ಇಕ್ಕಳ ತೆಗೆದುಕೊಂಡಳು. ಸಿಟ್ಟು ಮಾಡಿದ್ದರೆ ತಡೆದುಕೊಳ್ಳುತ್ತಿದ್ದೆ.

“ಹಂಗಾರ ಅವರು ಎಷ್ಟು ಕೆಡಿಸಿ ಕಲ್ತಿದ್ರೋ, ನಾನೂ ಅಷ್ಟ ಕೆಡಸಬೇಕಾತು” ಅಂದಳು.

ತಂತಿಯ ಸುರುಳಿಯನ್ನು ಹತ್ತಿರ ಎಳೆದುಕೊಂಡು ಕೂತಳು. ಉಸ್ತಾದರು ತಮ್ಮ ವಯಸ್ಸು ಕೊಟ್ಟು ಕಲಿತದ್ದನ್ನು ಮತ್ತೊಬ್ಬರು ಹಾಗೆ ವಯಸ್ಸು ಕೊಡದೆ ಪಡೆಯಲಿ ಎಂದೇ ಕೇಂದ್ರದವರು ನನ್ನನ್ನು ಕಳಿಸಿದ್ದರು. ಈಗ ಅವಳು ಕೊಡಬೇಕು. ಒಂದು ವಾರದಲ್ಲಿ ಒಂಬತ್ತು ಕಟ್ಟು ಮಾಡಿ ಚಳಿಯ ಪೆಟ್ಟಿಗೆಗೆ ಕಳಿಸಿದಳು. ಒಂಬತ್ತೂ ಕೆಟ್ಟು ಬಂದವು. ಹತ್ತನೆಯದಕ್ಕೆ ತಂತಿ ಕತ್ತರಿಸುತ್ತಿದ್ದಾಗ ನಾನು ಹತ್ತಿರ ಹೋಗಿ ನಿಂತೆ. “ಸರ, ಬೆಳಕಿಗೆ ಅಡ್ಡ ನಿಂತೀರಿ” ಅಂದಳು. ನಾನು ಸರಿದು ನಿಂತೆ.